ಹಿರೇದು ನಡೀಲಿ, ಕಿರೇದು ನಿಂದರಲಿ

"ಮೇಡಂ, ರಿಪೋರ್ಟ್ ಆತ್ರಿ. ಚಾಲೂ ಮಾಡ್ಲೇನ್ರಿ?"

ಜಮಖಂಡಿಯ ಕಬ್ಬು ಕಚೇರಿಯಿಂದ ಕಾರ್ಖಾನೆಗೆ ದಿನಾಲೂ ಮುಂಜಾನೆ ಫೋನ್ ಮಾಡಿ ನಾನು ಕೇಳುತ್ತಿದ್ದ ಪ್ರಶ್ನೆ ಇದು. "ಹ್ಞೂಂ, ಮಾಡ್ರಿ" ಎಂದು ಅವರು ಹೇಳುತ್ತಿದ್ದರು, ನಾನು ಒಂದು ಸಾಲು ಟೈಪ್ ಮಾಡಿ ಚಹಾ ಕುಡಿಯಲು ಕೆಳಗಿಳಿಯುತ್ತಿದ್ದೆ. ಆ ದಿನ ಮಾತ್ರ ಉತ್ತರ ಬೇರೆ ಬಂತು.

"ಬ್ಯಾಡ್ರಿ. ಕೀಬೋರ್ಡಿನ ಮ್ಯಾಲಿಂದ ಕೈ ತಗೀರಿ. ತಗದ್ರೇನು?"

"ತಗದೇರಿ. ಯಾಕ್ರಿ ಮೇಡಂ?"

"ಹೇಳ್ತೀನಿ. ಈಗ ನಿಮ್ಮ ಮಷೀನ್‌ನ ಯಾರೂ ಮುಟ್ಟಬಾರದು. ಬಾಗಲಾ ಹಾಕ್ಕೊಂಡು ಕುಂದ್ರಿ."

ಅವರ ದನಿ ಏರಿರಲಿಲ್ಲ. ಏರಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಮುಧೋಳ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೆವು. ಮೇಡಂ ಕಾರ್ಖಾನೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ತವರು ಜಮಖಂಡಿ, ಮನೆಮಾತು ಮರಾಠಿ, ಮದುವೆಯಾಗಿ ಇದ್ದದ್ದು ಬನಹಟ್ಟಿಯಲ್ಲಿ. ಕಬ್ಬು ನುರಿಸುವ ಹಂಗಾಮು ಸುರುವಾದ ಮೇಲೆ ಬನಹಟ್ಟಿಯ ಬಸ್ ತಡವಾದರೂ ಅವರು ತಡವಾದದ್ದನ್ನು ನಾನು ಕಂಡಿಲ್ಲ. ನಾನು ಜಮಖಂಡಿಯಲ್ಲಿದ್ದ ಕಬ್ಬು ಕಚೇರಿಯಲ್ಲಿ ಅವರ ಕೈಕೆಳಗಿನವನು. ಮುಖ್ಯ ಸರ್ವರ್ ಕಾರ್ಖಾನೆಯಲ್ಲಿತ್ತು. ಯಾವ ರೈತನ ಯಾವ ಹೊಲ, ಯಾವ ತಳಿ, ಎಂದು ನಾಟಿ, ಎಷ್ಟು ತೂಕ, ಎಲ್ಲ ಅದರಲ್ಲಿ. ಅದೇ ಮಾಹಿತಿಯ ಪಡಿಯಚ್ಚು ನನ್ನ ಕಚೇರಿಯ ಸರ್ವರ್‌ನಲ್ಲಿ. ಅಲ್ಲಿ ಬರೆದದ್ದೆಲ್ಲ ತುಸು ಹೊತ್ತಿನಲ್ಲಿ ಇಲ್ಲಿಗೂ ಬಂದು ಕೂಡುತ್ತಿತ್ತು. ಪುಸ್ತಕದಲ್ಲಿ ಇದಕ್ಕೆ ರೆಪ್ಲಿಕೇಶನ್ ಎನ್ನುತ್ತಾರೆ. ಎರಡು ಯಂತ್ರಗಳನ್ನು ಯಜಮಾನ, ಗುಲಾಮ ಎಂದು ಕರೆಯುತ್ತಾರೆ. ಮೇಡಂಗೆ ಆ ಹೆಸರು ಸೇರುತ್ತಿರಲಿಲ್ಲ. ಕಾರ್ಖಾನೆಯದನ್ನು ಹಿರೇದು, ಜಮಖಂಡಿಯದನ್ನು ಕಿರೇದು ಎನ್ನುತ್ತಿದ್ದರು. ನಮಗೆಲ್ಲ ಅದೇ ರೂಢಿಯಾಗಿತ್ತು.

ಕಿರೇದನ್ನು ದಿನಾ ಮುಂಜಾನೆ ಸ್ವಲ್ಪ ಹೊತ್ತು ತಡೆದು ನಿಲ್ಲಿಸಬೇಕಾಗುತ್ತಿತ್ತು. ಊರುವಾರು ವರದಿ ತೆಗೆಯುವಾಗ ಹೊಸ ತೂಕಗಳು ಬಂದು ಸೇರುತ್ತಲೇ ಇದ್ದರೆ ಮೊದಲ ಪುಟದ ಮೊತ್ತಕ್ಕೂ ಕೊನೆಯ ಪುಟದ ಮೊತ್ತಕ್ಕೂ ತಾಳೆಯಾಗುತ್ತಿರಲಿಲ್ಲ. ಮೇಡಂ ಬರುವ ಮೊದಲು ನಾವು ಯಂತ್ರವನ್ನೇ ಬಂದ್ ಮಾಡಿ, ಒಂಟಿಯಾಗಿ ಎಬ್ಬಿಸಿ, ವರದಿ ತೆಗೆದು, ಮತ್ತೆ ಬಂದ್ ಮಾಡಿ ಎಬ್ಬಿಸುತ್ತಿದ್ದೆವು. ಅದು ಒಮ್ಮೊಮ್ಮೆ ಏಳುತ್ತಿತ್ತು, ಒಮ್ಮೊಮ್ಮೆ ಹಟ ಹಿಡಿಯುತ್ತಿತ್ತು. ಅವರು ಬಂದ ಮೊದಲ ವಾರವೇ ಅದನ್ನು ನೋಡಿ ನಕ್ಕರು.

"ಮಾತಾಡೋ ಮನಷ್ಯಾಗ 'ಒಂದೀಟ ತಡೀರಿ' ಅಂದ್ರ ತಡೀತಾನ. ಅದಕ್ಕ ಅವನ್ನ ಎಬಿಸಿ ಹೊರಗ ಹಾಕಿ, ಮತ್ತ ಒಳಗ ಕರೀಬೇಕೇನ್ರಿ?"

ಕಿರೇದರೊಳಗೆ ಕೆಲಸ ಮಾಡುವವರು ಇಬ್ಬರು ಎಂದು ಅವರು ನನಗೆ ತಿಳಿಸಿ ಹೇಳಿದ್ದರು. ಒಬ್ಬ ಹಿರೇದರ ಹತ್ತಿರ ನಡೆದದ್ದನ್ನೆಲ್ಲ ತಂದು ಬಾಗಿಲ ಬಳಿ ಸಾಲಾಗಿ ಪೇರಿಸುವವ. ಇನ್ನೊಬ್ಬ ಆ ಸಾಲಿನಿಂದ ಒಂದೊಂದಾಗಿ ಎತ್ತಿ ಓದಿ ನಮ್ಮ ಡೇಟಾಬೇಸಿನಲ್ಲಿ ಬರೆಯುವವ. ವರದಿಯ ಹೊತ್ತಿನಲ್ಲಿ ಓದಿ ಬರೆಯುವವನನ್ನು ಮಾತ್ರ ನಿಲ್ಲಿಸಿದರೆ ಸಾಕು. ತರುವವ ತರುತ್ತಲೇ ಇರಲಿ. ಕೆಲಸ ಮುಗಿದ ಮೇಲೆ ಓದುವವನಿಗೆ "ಹ್ಞೂಂ, ನಡಿ" ಎಂದರೆ ನಿಂತಲ್ಲಿಂದಲೇ ಓದಲು ಸುರು ಮಾಡುತ್ತಾನೆ. ಯಾವ ಯಂತ್ರವನ್ನೂ ಬಂದ್ ಮಾಡುವುದು ಬೇಡ.

ಜೊತೆಗೆ ಒಂದು ಕಟ್ಟಳೆ ಮಾಡಿದ್ದರು. ನಿಲ್ಲಿಸುವುದು ನನ್ನ ಕೈಯಲ್ಲಿ. ಮತ್ತೆ ಚಾಲೂ ಮಾಡುವ ಮೊದಲು ಮಾತ್ರ ಕಾರ್ಖಾನೆಗೆ ಫೋನ್ ಮಾಡಿ ಕೇಳಲೇಬೇಕು. ಫೋನ್ ಸಿಗದ ದಿನಗಳಲ್ಲಿ ಇದೊಂದು ಪೀಡೆ ಅನಿಸುತ್ತಿತ್ತು.

ಅಂದು ಆದದ್ದು ಹೀಗೆ. ನಮ್ಮ ತಂತ್ರಾಂಶ ಮಾಡಿಕೊಟ್ಟ ಕಂಪನಿಯ ಎಂಜಿನಿಯರ್ ಒಬ್ಬರು ಹುಬ್ಬಳ್ಳಿಯಿಂದಲೇ ಹಿರೇದಕ್ಕೆ ಸಂಪರ್ಕ ಪಡೆದು ಒಂದು ತಿದ್ದುಪಡಿ ಮಾಡುತ್ತಿದ್ದರು. ಒಂದೇ ಒಂದು ಹೊಲದ ನಾಟಿ ದಿನಾಂಕ ಸರಿಪಡಿಸುವ ಕೆಲಸ. ಆಜ್ಞೆಯಲ್ಲಿ 'ಇಂಥ ಹೊಲಕ್ಕೆ ಮಾತ್ರ' ಎಂಬ ಷರತ್ತು ಬಿಟ್ಟುಹೋಯಿತು. ಕ್ಷಣಾರ್ಧದಲ್ಲಿ ಯಂತ್ರ ಕಾರ್ಖಾನೆಯ ವ್ಯಾಪ್ತಿಯ ಎಲ್ಲ ಹೊಲಗಳೂ ಒಂದೇ ದಿನ ನಾಟಿಯಾದಂತೆ ಬರೆದುಬಿಟ್ಟಿತು. ಅವರು ಅದನ್ನು ಕಂಡ ಕೂಡಲೇ ತಾವೇ ಮೇಡಂಗೆ ಫೋನ್ ಮಾಡಿ, "ಮೇಡಂ, ನಾ ತಪ್ಪು ಮಾಡೇನ್ರಿ, ಎಲ್ಲಾ ತಾರೀಖು ಹೋಗ್ಯಾವ್ರಿ" ಎಂದರಂತೆ. ಆ ಫೋನ್ ಕೆಳಗಿಡುವಷ್ಟರಲ್ಲಿ ನನ್ನದು ಬಂದಿತ್ತು.

ನಾಟಿ ದಿನಾಂಕ ಹೋಯಿತೆಂದರೆ ಏನು ಹೋಯಿತು ಎಂಬುದು ಈ ಕಡೆಯ ಕಬ್ಬಿನವರಿಗೆ ಹೇಳಬೇಕಾಗಿಲ್ಲ. ಯಾರ ಕಬ್ಬು ಮೊದಲು ಕಡಿಯಬೇಕು ಎಂಬ ಪಾಳಿ ನಿಂತಿರುವುದೇ ಅದರ ಮೇಲೆ. ಪಾಳಿ ತಪ್ಪಿದರೆ ಒಂದು ಊರಲ್ಲಿ ಬಲಿಯದ ಕಬ್ಬು ಕತ್ತಿಗೆ ಬೀಳುತ್ತದೆ, ಇನ್ನೊಂದು ಊರಲ್ಲಿ ಬಲಿತದ್ದು ಹೂಬಿಟ್ಟು ಬೆಂಡಾಗುತ್ತದೆ. ಕಂಪ್ಯೂಟರ್ ಬರುವ ಮೊದಲು ಪಾಳಿಯ ವಿಷಯಕ್ಕೆ ರನ್ನ ಬೆಳಗಲಿ ಕಡೆಯವರೂ ಪಕ್ಕದ ಊರವರೂ ಕಾರ್ಖಾನೆಯ ಗೇಟಿನಲ್ಲಿ ಎದುರುಬದುರು ನಿಂತದ್ದನ್ನು ಹಳಬರು ಇನ್ನೂ ಹೇಳುತ್ತಿದ್ದರು. ಮರುದಿನದ ಕಟಾವು ಪರವಾನಗಿಗಳು ಪ್ರತಿ ಸಂಜೆ ಊರುಗಳಿಗೆ ಹೋಗಬೇಕು. ಅಂದರೆ ನಮಗೆ ಇದ್ದದ್ದು ಸಂಜೆಯವರೆಗಿನ ಸಮಯ.

ನನ್ನ ಕಚೇರಿಯಲ್ಲಿ ಆಗ ನನ್ನ ಹೊರತಾಗಿ ಇನ್ನೊಬ್ಬರಿದ್ದರು. ಗಲಗಲಿ ಕಡೆಯ ಹಿರಿಯರು, ಹೆಗಲ ಮೇಲೆ ಕಂಬಳಿ, ಹಣೆಗೆ ಬೀರಪ್ಪನ ಭಂಡಾರ. ಅವರ ಮನೆತನ ಕುರಿಯನ್ನೂ ಹೊಲವನ್ನೂ ನಂಬಿದ್ದು. ಆಲಮಟ್ಟಿಯ ಹಿನ್ನೀರು ಬಂದಾಗ ಊರು ಎದ್ದು ಪುನರ್ವಸತಿ ಕೇಂದ್ರಕ್ಕೆ ಹೋಗಿತ್ತು. ಹೊಲದಲ್ಲಿ ಅರ್ಧ ಮುಳುಗಿ ಅರ್ಧ ಉಳಿದಿತ್ತು. ಉಳಿದ ಅರ್ಧಕ್ಕೆ ಹೊಸ ಸರ್ವೆ ನಂಬರು ಬಂದಿತ್ತು. ಕಬ್ಬು ಮಾತ್ರ ನಮ್ಮ ಯಂತ್ರದಲ್ಲಿ ನೀರಿನೊಳಗಿನ ಹಳೆಯ ನಂಬರಿನ ಮೇಲೇ ಇತ್ತು. ಆ ನಂಬರಿಗೆ ನಾಟಿ ದಿನಾಂಕ ದಾಖಲಾಗುತ್ತಿರಲಿಲ್ಲ, ಹಾಗಾಗಿ ಅವರ ಊರಿನ ಪಾಳಿ ಪ್ರತಿ ಹಂಗಾಮಿನಲ್ಲೂ ಕಟ್ಟಕಡೆಗೆ. ಓಡಾಡಿ ಓಡಾಡಿ ಕೊನೆಗೆ ಅಂದು ಮುಂಜಾನೆ ನಮ್ಮ ಗಲಗಲಿಯ ಕಬ್ಬು ಸೆಂಟರಿನವರು ಆ ಊರಿನ ಎಲ್ಲ ಹೊಲಗಳ ಹೊಸ ನಂಬರು, ನಾಟಿ ದಿನಾಂಕಗಳನ್ನು ಫೋನ್ ತಂತಿಯ ಮೂಲಕ ಹಿರೇದಕ್ಕೆ ಬರೆದು ಕಳಿಸಿದ್ದರು. ಬರೆಯುತ್ತೇವೆಂಬ ಮಾತನ್ನಷ್ಟೇ ನಂಬದೆ ಹಿರಿಯರು ಅವರು ಬರೆಯುವ ಮೊದಲೇ ಬಸ್ ಹತ್ತಿ ಜಮಖಂಡಿಗೆ ಬಂದಿದ್ದರು.

"ಬರದೀವಿ ಅಂತ ಭಾಳ ಮಂದಿ ಹೇಳ್ಯಾರ್ರಿ ತಮ್ಮಾ. ಒಮ್ಮೆ ಕಣ್ಣೀಲೆ ನೋಡೂನು ಅಂತ ಬಂದೀನಿ."

"ತಡೀರಿ ಕಾಕಾ, ರಿಪೋರ್ಟ್ ಆದ ಮ್ಯಾಲ ತೋರಸ್ತೀನಿ" ಎಂದು ಅವರನ್ನು ಕೂಡಿಸಿದ್ದೆ. ಓದುವವ ನಿಂತಿದ್ದನಲ್ಲ, ನನ್ನ ಯಂತ್ರದಲ್ಲಿ ಅವರ ತಿದ್ದುಪಡಿ ಇನ್ನೂ ಕಾಣುವಂತಿರಲಿಲ್ಲ. ಬಾಗಿಲು ಹಾಕಿಕೊಳ್ಳಿ ಎಂದು ಮೇಡಂ ಹೇಳಿದಾಗ ಅವರನ್ನು ಹೊರಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ.

ಮೇಡಂ ಜನರಲ್ ಮ್ಯಾನೇಜರ್ ಸಾಹೇಬರ ಕ್ಯಾಬಿನ್‌ಗೆ ಹೋಗಿ ಅಲ್ಲಿಂದ ಮತ್ತೆ ಫೋನ್ ಮಾಡಿದರು. ಸಾಹೇಬರ ಫೋನಿಗೆ ಸ್ಪೀಕರ್ ಇತ್ತು. ಅಲ್ಲಿಯ ಮಾತೆಲ್ಲ ನನಗೆ ಕೇಳುತ್ತಿತ್ತು. ಇನ್ನೊಂದು ಫೋನಿನಲ್ಲಿ ತಂತ್ರಾಂಶ ಕಂಪನಿಯ ಹಿರಿಯ ಅಧಿಕಾರಿ ಇದ್ದರು, ಬೆಂಗಳೂರಿನ ಮಾತಿನವರು.

"ನೋಡಿ ಮೇಡಂ, ತಲೆ ಕೆಡಿಸ್ಕೋಬೇಡಿ. ಎರಡೂ ಸರ್ವರ್ ಸ್ಟಾಪ್ ಮಾಡಿ, ನಿನ್ನೆ ಬ್ಯಾಕಪ್ ಹಾಕಿ, ರೀಸ್ಟಾರ್ಟ್ ಮಾಡಿ. ಎಲ್ಲ ಕ್ಲೀನ್ ಆಗುತ್ತೆ."

"ಇವತ್ತ ಮುಂಜಾನಿಂದ ತೂಕಾದ ಕಬ್ಬಿಂದು ಹ್ಯಾಂಗ್ರಿ?" ಎಂದರು ಮೇಡಂ. "ಅದು ಗಾಣದಾಗ ಹೋಗಿ ರಸಾ ಆಗೇತಿ. ಹೊರಗ ತಗದು ಮತ್ತ ತೂಗೂನೇನು?"

"ಸ್ವಲ್ಪ ಲಾಸ್ ಆಗುತ್ತೆ..."

"ಇನ್ನೊಂದು ಕೇಳ್ರಿ. ಜಮಖಂಡಿ ಮಷೀನ್ ಬಂದ್ ಮಾಡಿ ಎಬಿಸಿದ್ರ, ಎದ್ದ ಕೂಡ್ಲೇ ಅದು ಯಾರನ್ನೂ ಕೇಳದ ತಾನ ಓದಾಕ ಸುರು ಮಾಡ್ತೈತಿ. ನಿಮ್ಮ ಹುಡುಗ ಬರದ ಆ ಸಾಲು ಈಗ ಅದರ ಬಾಗಲದಾಗ ಬಂದು ಬಿದ್ದೈತಿ. ಅದನ್ನೂ ಓದಿಬಿಡ್ತೈತಿ. ಈಗ ಇವತ್ತಿಂದೂ ಸೇರಿ ಖರೆ ತಾರೀಖು ಇರೋ ಜಾಗಾ ಅದೊಂದ. ಅದನ್ನ ನಾ ರೀಸ್ಟಾರ್ಟ್ ಮಾಡಂಗಿಲ್ಲ."

ಮೂಲೆಯಲ್ಲಿ ಗುಂಯ್ ಎನ್ನುತ್ತಿದ್ದ ಆ ಹಳೆಯ ಪೆಟ್ಟಿಗೆಯನ್ನು ತಿರುಗಿ ನೋಡಿದೆ. ಅಲ್ಲಿಯವರೆಗೆ ಅದು ನನಗೆ ವರದಿ ತೆಗೆಯುವ ಯಂತ್ರವಾಗಿತ್ತು, ಅಷ್ಟೇ.

ಸಾಹೇಬರು ನೇರ ವಿಷಯಕ್ಕೆ ಬಂದರು. "ನನಗ ಒಂದ ಹೇಳ್ರಿ. ಗೇಟಿನ ತೂಕ ನಿಂದರತೈತೇನು? ಗೇಟ್ ನಿಂತ್ರ ಯಾರ್ಡ್ ಖಾಲಿ ಆಗ್ತೈತಿ, ಯಾರ್ಡ್ ಖಾಲಿ ಆದ್ರ ಮಿಲ್ ನಿಂದರತೈತಿ. ಮಿಲ್ ನಿಂತ್ರ ಬಾಯ್ಲರ್ ಮತ್ತ ಎಬಸೂದು ಅಂದ್ರ ಏನಂತ ನಿಮಗ ಗೊತ್ತೈತಿ."

"ಗೇಟ್ ನಿಂದರೂದಿಲ್ರಿ ಸರ್. ತೂಕ ಮಾಡಾಕ ಕಬ್ಬು ಹಚ್ಚಿದ ತಾರೀಖು ಬೇಕಾಗಿಲ್ಲ. ಪರ್ಮಿಟ್ ಪ್ರಿಂಟ್ ಮಾಡೂದಷ್ಟ ನಿಂದ್ರಸೀನಿ. ಹಿರೇದು ನಡೀಲಿ. ಕಿರೇದು ಎಲ್ಲಿ ನಿಂತೈತೋ ಅಲ್ಲೇ ನಿಂದರಲಿ. ಅದರಿಂದ ತಾರೀಖು ತಂದು ಹಿರೇದಕ್ಕ ಹಾಕ್ತೀನಿ, ಅದನ್ನ ನಿಂದ್ರಸದ, ನಡಕೋತನ."

"ಸಂಜೀ ಒಳಗ ಆಗ್ಲಿಲ್ಲಂದ್ರ?"

"ಆಗ್ಲಿಲ್ಲಂದ್ರ ಆವಾಗ ನಿಮ್ಮ ಹಾದಿ, ಸರ್. ಸಂಜೀತನ ನನ್ನ ಹಾದಿ."

"ಮಾಡ್ರಿ" ಎಂದರು ಸಾಹೇಬರು.

ನನಗೆ ಮೊದಲು ಮಾಡಿಸಿದ ಕೆಲಸ ಬಹಳ ಸಣ್ಣದು. ಕಿರೇದರ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬರೆಸಿದರು. ಅಕಸ್ಮಾತ್ ಯಂತ್ರ ಆರಿ ಮತ್ತೆ ಎದ್ದರೂ ಓದುವವ ತಾನಾಗಿ ಸುರು ಮಾಡಬಾರದು ಎಂಬ ಸಾಲು. ನಾವು ಯಂತ್ರ ಆರಿಸುವವರೇ ಅಲ್ಲ, ಇದು ಯಾಕೆ ಎಂದು ನಾನು ಕೇಳಿದೆ. "ನಾವು ಆರಸೂದಿಲ್ರಿ. ಲೈಟಿನವ್ರು ಆರಸ್ತಾರ" ಎಂದರು.

ಎರಡನೆಯದು, ನಿಂತ ಸ್ಥಿತಿಯಲ್ಲೇ ಹೊಲಗಳ ಕೋಷ್ಟಕವನ್ನು ಪೂರ್ತಿಯಾಗಿ ಒಂದು ಫೈಲಿಗೆ ಇಳಿಸುವುದು. ಇಳಿಸಿದೆ. ತೆರೆದು ನೋಡಿದೆ. ದಿನಾಂಕಗಳು ಬೇರೆ ಬೇರೆಯಾಗಿ, ಹೇಗಿರಬೇಕೋ ಹಾಗೇ ಇದ್ದವು. ಅದನ್ನು ಹೇಳಿದಾಗ ಸ್ಪೀಕರಿನ ಆ ಕಡೆಯಿಂದ ಸಾಹೇಬರ ದೊಡ್ಡ ನಿಟ್ಟುಸಿರು ಕೇಳಿಸಿತು.

"ಸಿಕ್ತಲ್ಲ ಮತ್ತ! ಹಾಕಿಬಿಡ್ರಿ ಅದನ್ನ."

"ಹಾಕೂದಿಲ್ರಿ ಸರ್," ಎಂದರು ಮೇಡಂ. "ಇದು ರಿಪೋರ್ಟ್‌ಗಂತ ಜಮಖಂಡಿಯವರು ನಿಂದ್ರಿಸಿದ ಹೊತ್ತಿಂದು. ಅದಾದ ಮ್ಯಾಲ, ತಪ್ಪು ಆಗೂದಕ್ಕಿಂತ ಮೊದಲ, ಗಲಗಲಿ ಸೆಂಟರಿನ್ಯಾವು ಬಂದಾವ. ಹಿನ್ನೀರಿನ ಊರಿನ್ವು. ಇದರಾಗ ಅವು ಇಲ್ಲ."

"ಎಷ್ಟು ರೆಕಾರ್ಡ್ಸ್ ಇರಬಹುದು? ನಾಳೆ ರೀ-ಎಂಟ್ರಿ ಮಾಡಿಸಿ," ಎಂದಿತು ಬೆಂಗಳೂರಿನ ದನಿ.

ನಾನು ಅಳುಕುತ್ತಲೇ ಹೇಳಿದೆ: "ಮೇಡಂ, ಆ ಊರಿನ ಹಿರಿಯರು ಇಲ್ಲೇ ನನ್ನ ಮುಂದ ಕುಂತಾರ್ರಿ. ನೋಡಾಕ ಬಂದಾರ."

ಆಮೇಲೆ ಮೇಡಂ ಸಾಹೇಬರಿಗೆ ಹೇಳಿದ್ದು ಕೇಳಿಸಿತು. "ಬರಕೊಂಡೀವಿ ಅಂತ ಮುಂಜಾನಿ ಅವರಿಗೆ ಬಾಯಿ ಕೊಟ್ಟೇವ್ರಿ ಸರ್. ಮಧ್ಯಾಹ್ನಕ್ಕ ಇಲ್ಲ ಅಂದ್ರ ಅವರು ನಮ್ಮನ್ನ ಇನ್ನೊಮ್ಮೆ ನಂಬತಾರೇನು? ಯಾವು ಬಂದಾವ ಯಾವು ಇಲ್ಲ ಅಂತ ಕೇಳಿದ್ರ ಹೇಳಾಕೂ ಆಗೂದಿಲ್ಲ. ಆ ಸಾಲಿನ್ಯಾಗ ಮಾತ್ರ ಅದಾವ. ನಾ ಅವನ್ನೂ ತಗೊಂಡ ಬರ್ತೀನಿ."

ಆ ದಿನದ ನಿರ್ಧಾರವೆಂದರೆ ಇದೇ. ಸುಲಭದ್ದು ಕೈಯಲ್ಲಿ ಸಿಕ್ಕಿತ್ತು. ಸಾಹೇಬರು ಒಪ್ಪಿದ್ದರು, ಕಂಪನಿ ಒಪ್ಪಿತ್ತು, ಯಾರೂ ಕೇಳುವವರಿರಲಿಲ್ಲ. ಅದನ್ನು ಪಕ್ಕಕ್ಕಿಟ್ಟು ಅವರು ಕಷ್ಟದ್ದನ್ನು ಆರಿಸಿಕೊಂಡರು.

ಕಷ್ಟದ್ದು ಏನೆಂದರೆ, ನಿಂತಿದ್ದ ಓದುವವನನ್ನು ಮತ್ತೆ ನಡೆಸಬೇಕು, ಆದರೆ ತಪ್ಪು ಆಜ್ಞೆಯ ಹೊಸ್ತಿಲಿನವರೆಗೆ ಮಾತ್ರ. ಗಲಗಲಿಯ ತಿದ್ದುಪಡಿಗಳನ್ನೆಲ್ಲ ಆತ ಓದಿ ಬರೆಯಬೇಕು. ಅದರ ಮುಂದಿನ ಆ ಒಂದು ಸಾಲಿಗೆ ಕೈ ಹಚ್ಚುವ ಮೊದಲೇ ನಿಲ್ಲಬೇಕು. 'ಇಂಥಲ್ಲಿಯವರೆಗೆ' ಎಂದು ಹೇಳಿ ನಡೆಸುವ ಆಜ್ಞೆಯೊಂದು ಇದೆ. ಎಲ್ಲಿಯವರೆಗೆ ಎಂಬುದನ್ನು ಒಂದು ಉದ್ದನೆಯ ಅಂಕಿಯಲ್ಲಿ ಹೇಳಬೇಕು. ಅಂಕಿ ಒಂದು ಹೆಜ್ಜೆ ಮುಂದೆ ಹೋದರೆ ಉಳಿದಿದ್ದ ಏಕೈಕ ಒಳ್ಳೆಯ ಪ್ರತಿಯೂ ಕೆಡುತ್ತದೆ. ಫೈಲಿಗೆ ಇಳಿಸಿದ ಕೋಷ್ಟಕ ಇತ್ತು ನಿಜ, ಆದರೆ ಗಲಗಲಿಯವರ ಪಾಲಿಗೆ ಅದು ಇಲ್ಲದಂತೆಯೇ.

ಬಾಗಿಲ ಬಳಿ ಪೇರಿಸಿದ್ದ ಸಾಲನ್ನು ಓದಬಲ್ಲ ರೂಪಕ್ಕೆ ತರುವ ಸಲಕರಣೆಯನ್ನು ನಾನು ಆವರೆಗೆ ಬಳಸಿರಲಿಲ್ಲ. ಫೋನ್ ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅವರು ಹೇಳಿದಂತೆ ಒತ್ತುತ್ತ ಹೋದೆ. ಪರದೆಯ ತುಂಬ ತೂಕ, ತೂಕ, ತೂಕ. ನಡುವೆ ಗಲಗಲಿ ಸೆಂಟರಿನ ಸಾಲುಗಳು ಬಂದವು. ಮತ್ತೆ ತೂಕಗಳು. ಆಮೇಲೆ ಅದು ಬಂತು. ಪುಟ್ಟ ಸಾಲು, ನೋಡಲು ನಿರಪಾಯಕಾರಿ.

"ಸಿಕ್ತ್ರಿ ಮೇಡಂ."

"ಅಂಕಿ ಓದ್ರಿ. ಒಂದೊಂದ ಒಂದೊಂದ."

ಓದಿದೆ. ಅವರು ಸಾಹೇಬರ ಕಂಪ್ಯೂಟರಿನಿಂದಲೇ ಹಿರೇದರಲ್ಲಿ ಅದೇ ಸಾಲನ್ನು ಹುಡುಕಿ ಇಟ್ಟುಕೊಂಡಿದ್ದರು. ನನ್ನ ಅಂಕಿಯೂ ಅವರ ಅಂಕಿಯೂ ಒಂದಕ್ಕೊಂದು ಸಂಬಂಧವೇ ಇಲ್ಲದಂತಿದ್ದವು. ಮತ್ತೆ ಓದಿಸಿದರು. ಮತ್ತೆ ಅದೇ. ಬೇರೆ ಸಾಲನ್ನೇ ನೋಡುತ್ತಿದ್ದೇವೆಯೇ? ತಪ್ಪು ಆಜ್ಞೆ ಎರಡು ಸಲ ನಡೆದಿದೆಯೇ? ಕಂಪನಿಯ ಅಧಿಕಾರಿ "ಅದಕ್ಕೇ ಹೇಳಿದ್ದು" ಎಂದು ಸುರು ಮಾಡಿದರು. ಮೇಡಂ ಮೆಲ್ಲಗೆ ಮರಾಠಿಯಲ್ಲಿ ಅಂಕಿಗಳನ್ನು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿರುವುದು ಕೇಳಿಸಿತು. ತೀರಾ ಬಿಗಿಯಾದ ಗಳಿಗೆಯಲ್ಲಿ ಮಾತ್ರ ಅವರು ಲೆಕ್ಕಕ್ಕೆ ಮನೆಮಾತಿಗೆ ಹೋಗುತ್ತಿದ್ದರು.

"ನೀವು ಓದಿದ ಅಂಕಿ ಸಾಲಿನ ಸುರುವಿಗೆ ಐತೋ, ಅದರ ಕೆಳಗಿನ ಓಳಿನ್ಯಾಗ ಐತೋ?"

"ಸುರುವಿಗ್ರಿ."

"ಹಾಂ! ಅದು ನಿಮ್ಮ ಮನಿ ಲೆಕ್ಕ ರೀ. ನಿಮ್ಮ ಫೈಲಿನ್ಯಾಗ ಅದು ಎಷ್ಟನೇ ಜಾಗಾದಾಗ ಬಿದ್ದೈತಿ ಅಂತ ಹೇಳ್ತೈತಿ. ನಮಗ ಬೇಕಾದದ್ದು ನಮ್ಮ ಮನಿ ಲೆಕ್ಕ, ಹಿರೇದರದು. ಕೆಳಗಿನ ಓಳಿ ನೋಡ್ರಿ. ತಪ್ಪು ಸಾಲಿಂದಲ್ಲ, ಅದರ ಹಿಂದಿನ ಸಾಲು ಎಲ್ಲಿ ಮುಗದೈತಿ, ಅದು ಹೇಳ್ರಿ."

ಹೇಳಿದೆ. ಮೊದಲ ಅಂಕಿಯಿಂದ ಕೊನೆಯ ಅಂಕಿಯವರೆಗೆ ಅವರದಕ್ಕೆ ಕೂಡಿತು. ಇಬ್ಬರೂ ಒಮ್ಮೆಲೇ ನಕ್ಕೆವು. ಎದುರಿಗಿದ್ದ ಹಿರಿಯರು ಏನೂ ತಿಳಿಯದಿದ್ದರೂ ತಾವೂ ನಕ್ಕರು.

ಆಜ್ಞೆ ಟೈಪ್ ಮಾಡಿದೆ. ಒತ್ತುವ ಮೊದಲು ಜೋರಾಗಿ ಓದಲು ಹೇಳಿದರು. ಓದುತ್ತಿರುವಾಗಲೇ ಲೈಟು ಹೋಯಿತು.

ಫ್ಯಾನು ನಿಂತಿತು. ಯುಪಿಎಸ್ ಕೀಂಕ್ ಕೀಂಕ್ ಎನ್ನತೊಡಗಿತು. ಆ ಹಂಗಾಮಿನಲ್ಲಿ ಅದರ ಬ್ಯಾಟರಿಯ ಮೇಲೆ ಯಾರಿಗೂ ಭರವಸೆ ಇರಲಿಲ್ಲ. ನನ್ನ ಬೆರಳು ಆಗಲೇ ಕೀಲಿಯ ಮೇಲಿತ್ತು.

"ಲೈಟ್ ಹೋತ್ರಿ ಮೇಡಂ! ಒತ್ತಿಬಿಡ್ಲೇನ್ರಿ?"

"ಒತ್ತಬ್ಯಾಡ್ರಿ. ಅರ್ಧಾ ಓದೂದ್ರಾಗ ಮಷೀನ್ ಆರಿದ್ರ ಎಲ್ಲಿತನ ಓದೇನಿ ಅನ್ನೂದನ್ನ ಅದು ಮರೀತೈತಿ. ಈಗ ಆರಿದ್ರ ಏನೂ ಆಗೂದಿಲ್ಲ, ಸೆಟ್ಟಿಂಗಿನ್ಯಾಗ ಆ ಒಂದು ಸಾಲು ಬರದೀವಿ. ಉಳಿದ ಕಂಪ್ಯೂಟರ್ ಎಲ್ಲಾ ಆರಸ್ರಿ. ವಾಚ್‌ಮನ್‌ಗ ಹೇಳಿ ಜನರೇಟರ್ ಹಚ್ಚಸ್ರಿ. ಅದರ ಸಪ್ಪಳ ಒಂದ ಸವನ ಆಗೂತನ ಕೈ ಕಟಗೊಂಡು ಕುಂದ್ರಿ."

ಕೈ ಕಟ್ಟಿಕೊಂಡು ಕೂರುವುದು ಅಷ್ಟು ಕಷ್ಟದ ಕೆಲಸವೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಕೆಳಗೆ ವಾಚ್‌ಮನ್ ಜನರೇಟರಿನ ಹಗ್ಗ ಜಗ್ಗುತ್ತಿದ್ದ. ಅದು ಕೆಮ್ಮುತ್ತಿತ್ತು, ನಿಲ್ಲುತ್ತಿತ್ತು. ಹಿರಿಯರು ಎದ್ದುಹೋಗಿ ಕಿಟಕಿಯ ಪರದೆ ಸರಿಸಿ ಕದ ತೆರೆದರು. "ಬೆಳಕಿದ್ರ ಧೈರ್ಯ ಇರ್ತೈತ್ರಿ" ಎಂದು ಬಂದು ಕೂತರು. ಮೇಡಂ ಫೋನಿನಲ್ಲಿ ಅವರ ಬಗ್ಗೆ ಕೇಳಿದರು: ಊಟ ಆಗಿದೆಯೇ, ಯಾವಾಗಿನಿಂದ ಕೂತಿದ್ದಾರೆ. ನನ್ನ ಗಮನ ಬೇರೆಡೆ ಸೆಳೆಯಲು ಕೇಳುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಗೊತ್ತಾದರೂ ಉಪಯೋಗವಾಯಿತು.

ಕೊನೆಗೆ ಜನರೇಟರ್ ಹತ್ತಿತು. ಸಪ್ಪಳ ಮೊದಲು ಏರಿಳಿದು ಆಮೇಲೆ ಹದಕ್ಕೆ ಬಂತು. ಯುಪಿಎಸ್ ಬಾಯಿ ಮುಚ್ಚಿತು.

"ಈಗ ಓದ್ರಿ ಇನ್ನೊಮ್ಮೆ."

ಓದಿದೆ. ಅಂಕಿ ಸರಿಯಾಗಿಯೇ ಇತ್ತು.

"ಒತ್ರಿ."

ಒತ್ತಿದೆ. ಓದುವವ ಎದ್ದ, ಓಡಿದ, ನಿಂತ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಸ್ಥಿತಿ ಕೇಳಿದರೆ ನಾವು ಹೇಳಿದ ಅಂಕಿಯ ಮೇಲೆಯೇ ನಿಂತಿದ್ದ. ತರುವವ ಇದಾವುದರ ಪರಿವೆಯಿಲ್ಲದೆ ತಂದು ಪೇರಿಸುತ್ತಲೇ ಇದ್ದ. ಹೊಲಗಳ ಕೋಷ್ಟಕ ತೆರೆದು ಮೊದಲು ದಿನಾಂಕಗಳನ್ನು ನೋಡಿದೆ. ಎಲ್ಲವೂ ಬೇರೆ ಬೇರೆ. ಆಮೇಲೆ ಹಿರಿಯರ ಹೆಸರು ಹಾಕಿ ಹುಡುಕಿದೆ.

"ಕಾಕಾ, ಬರ್ರಿ ಇಲ್ಲಿ."

ಅವರು ಬಂದು ಪರದೆಗೆ ಮುಖ ಹತ್ತಿರ ಒಯ್ದು ತಮ್ಮ ಹೆಸರನ್ನು ಅಕ್ಷರ ಕೂಡಿಸಿ ಓದಿದರು. ಹೊಸ ಸರ್ವೆ ನಂಬರು ಓದಿದರು. ಕಬ್ಬು ಹಚ್ಚಿದ ತಾರೀಖು ಓದಿ, "ಹೌದು, ಅವತ್ತ ಹಚ್ಚಿದ್ದು, ಮಗಳು ಬಂದಿದ್ಲು" ಎಂದರು. ಹಳೆಯ ನಂಬರು ಎಲ್ಲಿ ಎಂದು ಕೇಳಿದರು. ತೆಗೆದಿದ್ದಾರೆ ಎಂದೆ. ತುಸು ಹೊತ್ತು ಪರದೆಯನ್ನೇ ನೋಡುತ್ತ ನಿಂತರು. ನೀರಿನಡಿಯ ಹೊಲ ಕಾಗದದಿಂದಲೂ ಹೋಯಿತು ಎಂಬುದು ಅವರ ಮನಸ್ಸಿಗೆ ಬಂದಿರಬೇಕು. ಆಮೇಲೆ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, "ಆ ತಾಯೀಗೆ ಹೇಳ್ರಿ, ಬೀರಪ್ಪ ಛಲೋ ಇಟ್ಟಿರ್ಲಿ ಅಂತ" ಎಂದು ಬಸ್ಸಿಗೆ ನಡೆದರು. ಹೇಳಬೇಕಾಗಿರಲಿಲ್ಲ. ಫೋನಿನಲ್ಲಿ ಆ ತಾಯಿ ಕೇಳಿಸಿಕೊಂಡಿದ್ದರು.

ಆಮೇಲಿನದು ತಾಳ್ಮೆಯ ಕೆಲಸ. ಹೊಲಗಳ ಗುರುತು ಮತ್ತು ದಿನಾಂಕ ಇಷ್ಟನ್ನೇ ಕಿರೇದರಿಂದ ತೆಗೆದು ಕಾರ್ಖಾನೆಗೆ ಕಳಿಸಿದೆ. ಮೇಡಂ ಅದನ್ನು ನೇರ ಹಿರೇದರ ಕೋಷ್ಟಕಕ್ಕೆ ಸುರಿಯಲಿಲ್ಲ. ಪಕ್ಕದಲ್ಲಿ ಬೇರೆ ಕೋಷ್ಟಕ ಮಾಡಿ ಅದರಲ್ಲಿ ಇಟ್ಟರು. ತಪ್ಪು ದಿನಾಂಕ ಇನ್ನೂ ಹಾಗೇ ಕೂತಿರುವ ಹೊಲಗಳಿಗೆ ಮಾತ್ರ ಹಳೆಯದನ್ನು ಹಿಂತಿರುಗಿಸುವಂತೆ ಆಜ್ಞೆ ಬರೆದರು. ತಪ್ಪಾದ ನಂತರ ಯಾರಾದರೂ ಸರಿಯಾದದ್ದನ್ನು ಹೊಸದಾಗಿ ಬರೆದಿದ್ದರೆ ಅದನ್ನು ಮುಟ್ಟಬಾರದಲ್ಲ. ಕಬ್ಬು ಅಧಿಕಾರಿಯನ್ನು ಕರೆದು, ರನ್ನ ಬೆಳಗಲಿಯ ಕೆಲವು, ಬೀಳಗಿ ಕಡೆಯ ಕೆಲವು ಹೊಲಗಳನ್ನು ಅವರ ಬಾಯಿಂದಲೇ ಹೇಳಿಸಿ ತಾಳೆ ನೋಡಿದರು. ಆಮೇಲೆ ನಡೆಸಿದರು. ಆ ಹೊತ್ತಿನಲ್ಲೂ ಗೇಟಿನಲ್ಲಿ ಟ್ರ್ಯಾಕ್ಟರುಗಳು ತೂಕದ ಕಾಟಾದ ಮೇಲೆ ಹತ್ತುತ್ತಿದ್ದವು, ಇಳಿಯುತ್ತಿದ್ದವು. ಹಿರೇದು ಒಂದು ಗಳಿಗೆಯೂ ನಿಂತಿರಲಿಲ್ಲ.

ಉಳಿದದ್ದು ಕಿರೇದನ್ನು ಮತ್ತೆ ದಾರಿಗೆ ಹಚ್ಚುವುದು. ಹೊಸ್ತಿಲಲ್ಲಿ ನಿಂತಿದ್ದ ಓದುವವನಿಗೆ ಮುಂದಿನ ಒಂದು ಸಾಲನ್ನು, ಒಂದನ್ನು ಮಾತ್ರ, ದಾಟು ಎಂದು ಹೇಳಬೇಕು. ಅದರಾಚೆಯದೆಲ್ಲವನ್ನೂ ಓದು ಎನ್ನಬೇಕು. ಮೇಡಂ ಈ ಸಲ ಆಜ್ಞೆ ಹೇಳಿಕೊಡಲಿಲ್ಲ.

"ನೀವ ಬರೀರಿ. ನನಗ ಓದಿ ತೋರಸ್ರಿ."

ಬರೆದು ಓದಿದೆ. "ಹ್ಞೂಂ" ಎಂದರು. ಒತ್ತಿದೆ. ಹಿರೇದಕ್ಕಿಂತ ಎಷ್ಟು ಹಿಂದಿದ್ದೇನೆ ಎಂದು ಕಿರೇದು ತೋರಿಸುವ ಒಂದು ಅಂಕಿ ಇದೆ. ಅದು ಇಳಿಯತೊಡಗಿತು. ಮುಂಜಾನೆಯ ತೂಕಗಳು, ಮಧ್ಯಾಹ್ನದ ತೂಕಗಳು, ಕೊನೆಗೆ ಮೇಡಂ ಮಾಡಿದ ದುರಸ್ತಿ, ಒಂದರ ಬೆನ್ನಿಗೆ ಒಂದು ಬಂದು ಕೂಡಿದವು. ಅಂಕಿ ಸೊನ್ನೆಗೆ ಬಂತು. ಎರಡೂ ಕಡೆಯ ಕೋಷ್ಟಕಗಳ ಚೆಕ್‌ಸಮ್, ಅಂದರೆ ಒಳಗಿನದೆಲ್ಲ ಒಂದೇ ಇದ್ದರೆ ಮಾತ್ರ ಒಂದೇ ಬರುವ ಅಂಕಿ, ತೆಗೆದು ಫೋನಿನಲ್ಲಿ ಒಬ್ಬರಿಗೊಬ್ಬರು ಓದಿದೆವು. ಒಂದೇ ಬಂತು.

"ಆತ್ರಿ," ಎಂದರು ಮೇಡಂ. ಅಷ್ಟೇ. ಅವರ ಹಿಂದೆ ಪರವಾನಗಿಗಳ ಪ್ರಿಂಟರ್ ಕರ್ರ್ ಎಂದು ಸುರುವಾದದ್ದು ಕೇಳಿಸಿತು. ಹೊತ್ತು ಇನ್ನೂ ಮುಳುಗಿರಲಿಲ್ಲ.

ಮುಂದಿನ ವಾರ ನಾನು ಕಾರ್ಖಾನೆಗೆ ಹೋದ ದಿನವೇ ಹುಬ್ಬಳ್ಳಿಯ ಆ ಎಂಜಿನಿಯರನ್ನೂ ಸಾಹೇಬರು ಕರೆಸಿದ್ದರು. ಮೇಡಂ ಸೇರಿ ನಾವು ಮೂವರೂ ಕ್ಯಾಬಿನ್ನಿನಲ್ಲಿ ನಿಂತೆವು. ಆತ ಊಟ ನಿದ್ದೆ ಬಿಟ್ಟವರಂತೆ ಕಾಣುತ್ತಿದ್ದರು. ಸಾಹೇಬರು ಮೇಜಿನ ಮೇಲೊಂದು ಕಾಗದ ಇಟ್ಟುಕೊಂಡಿದ್ದರು. ಇವರನ್ನು ಕೆಲಸದಿಂದ ತೆಗೆಯಿರಿ ಎಂದು ಕಂಪನಿಗೆ ಬರೆದದ್ದು, ಸಹಿಯೊಂದು ಬಾಕಿ.

"ಏನರೆ ಹೇಳೂದೈತೇನ್ರಿ?" ಎಂದು ಸಾಹೇಬರು ಆತನನ್ನು ಕೇಳಿದರು.

"ತಪ್ಪು ನಂದ ಐತ್ರಿ ಸರ್," ಎಂದರು ಆತ.

ಮೇಡಂ ಆಗ ಮುಂದೆ ಬಂದರು. "ಸರ್, ಅವತ್ತ ನಾವು ಮಾಡಿದ್ದೆಲ್ಲಾ ನೀವು ಹೊಗಳಿದ್ರಿ. ಜಮಖಂಡಿಯವರ ಫೋನ್ ಬಂದಾಗ ನಾ 'ಬ್ಯಾಡ' ಅಂದೆ ನೋಡ್ರಿ, ಅಲ್ಲಿಂದ ಎಲ್ಲಾ ಉಳೀತು. ನಾ ಯಾಕ ಬ್ಯಾಡ ಅಂದೆ? ಇವರು ಅದಕ್ಕಿಂತ ಸ್ವಲ್ಪ ಮೊದಲ ಫೋನ್ ಮಾಡಿ, ನನ್ನ ಕೈಲೆ ಹಿಂಗಾತು ಅಂತ ಹೇಳಿದ್ರು ಅಂತ. ಚಹಾ ಕುಡದು, ವಿಚಾರ ಮಾಡಿ, ಯಾರಿಗೂ ಗೊತ್ತಾಗದಂಗ ಸರಿ ಮಾಡೂನು ಅಂತ ಕುಂತಿದ್ರ, ನಾ 'ಹ್ಞೂಂ' ಅಂತಿದ್ದೆ. ಇವತ್ತ ಇವರನ್ನ ತಗದ್ರ, ನಾಳೆ ತಪ್ಪು ಮಾಡಿದವ ಯಾರೂ ನನಗ ಫೋನ್ ಮಾಡೂದಿಲ್ಲ."

ಸಾಹೇಬರು ಎಂಜಿನಿಯರನ್ನು ನೋಡಿದರು, ಮೇಡಂ ಅವರನ್ನು ನೋಡಿದರು. ಕಾಗದವನ್ನು ಎತ್ತಿ ಉದ್ದಕ್ಕೆ ಹರಿದರು, ಇನ್ನೊಮ್ಮೆ ಅಡ್ಡಕ್ಕೆ ಹರಿದು ಬುಟ್ಟಿಗೆ ಹಾಕಿದರು.

"ಕುಂದ್ರಿ ಎಲ್ಲಾರೂ," ಎಂದು ಗಂಟೆ ಒತ್ತಿದರು. "ಏನ್ ನಿಂತೀರಿ?"

ಆ ಎಂಜಿನಿಯರ್ ಕುರ್ಚಿಯ ತುದಿಗೆ ಕೂತು ಎರಡೂ ಕೈಗಳಿಂದ ಮುಖ ಒರೆಸಿಕೊಂಡರು. ಮೇಡಂ ತಮ್ಮ ಕುರ್ಚಿಯನ್ನು ಆತನ ಪಕ್ಕಕ್ಕೆ ಎಳೆದುಕೊಂಡು, ಆ ಷರತ್ತು ಬಿಟ್ಟುಹೋದರೆ ಯಂತ್ರವೇ ಆಜ್ಞೆಯನ್ನು ಒಪ್ಪದಂತೆ ಮಾಡುವುದು ಹೇಗೆ ಎಂದು ಆತನನ್ನೇ ಕೇಳತೊಡಗಿದರು. ಆತ ಮೊದಲು ತೊದಲಿದರು. ಚಹಾ ಬರುವಷ್ಟರಲ್ಲಿ ಇಬ್ಬರೂ ಒಂದೇ ಕಾಗದದ ಮೇಲೆ ಬಾಗಿದ್ದರು. ಸಾಹೇಬರು ನನಗೆ ಕಣ್ಣಲ್ಲೇ ಸುಮ್ಮನಿರಿ ಎಂದು ಸನ್ನೆ ಮಾಡಿ, ಸಪ್ಪಳಾಗದಂತೆ ಅವರ ಪಕ್ಕದಲ್ಲಿ ಕಪ್ಪುಗಳನ್ನು ತಾವೇ ಇಟ್ಟರು.